ಪುಕ್ಕಟೆ ಇಂಟರ್ನೆಟ್ ತಡೆದದ್ದು ಬಡವರಿಗೆ ಮಾಡಿದ ಅನ್ಯಾಯವೇ? ಇಳಕಲ್‌ನಿಂದ ಒಂದು ಉತ್ತರ

ನೀವು ಕೇಳಿದ್ದು ಇದು: "ಫೇಸ್‌ಬುಕ್‌ನವರು ಬಡವರಿಗೆ ಸ್ವಲ್ಪ ಇಂಟರ್ನೆಟ್ ಪುಕ್ಕಟೆ ಕೊಡುತ್ತೇವೆ ಅಂದಾಗ 2016ರಲ್ಲಿ ಅದನ್ನು ಯಾಕೆ ತಡೆದರು? ಏನೂ ಇಲ್ಲದವರಿಗೆ ಅಷ್ಟಾದರೂ ಸಿಗುತ್ತಿತ್ತಲ್ಲ? ನೆಟ್ ಕಂಪನಿ ಮತ್ತು ಗಿರಾಕಿ ನಡುವೆ ಸರ್ಕಾರಕ್ಕೆ ಏನು ಕೆಲಸ?"

ತಡೆದದ್ದು ಸರಿ ಅಂತ ನನ್ನ ಉತ್ತರ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಮಗ್ಗದಿಂದ ಶುರು ಮಾಡಬೇಕು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾನು ಬಾಗಲಕೋಟೆ ಜಿಲ್ಲೆಯ ಇಳಕಲ್‌ನವಳು. ಅಪ್ಪ ಮೂವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವರು. ಅವ್ವ ಕಂಡಿಕೆ ಸುತ್ತುತ್ತಿದ್ದಳು. ನೂಲು, ರೇಷ್ಮೆ ಎಲ್ಲಾ ಸಾವಕಾರರ ಅಂಗಡಿಯಿಂದ ಬರುತ್ತಿತ್ತು. ಅದಕ್ಕೆ ನಾವು ಒಂದು ಪೈಸೆ ಕೊಡಬೇಕಿರಲಿಲ್ಲ. ಹಬ್ಬಕ್ಕೆ, ಮದುವೆಗೆ ಮುಂಗಡವೂ ಸಿಗುತ್ತಿತ್ತು. ಆದರೆ ನೇಯ್ದ ಸೀರೆ ಅದೇ ಅಂಗಡಿಗೆ ಹೋಗಬೇಕು. ಯಾವ ದಡಿ, ಯಾವ ಬಣ್ಣ, ವಾರಕ್ಕೆ ಎಷ್ಟು, ಎಲ್ಲಾ ಅವರು ಹೇಳಿದಂತೆ. ನಮಗೆ ಮಜೂರಿ. ಆ ಸೀರೆಯನ್ನು ಯಾವ ಊರಿನ ಯಾರು ಎಷ್ಟಕ್ಕೆ ತಗೊಂಡರು ಅನ್ನೋದು ಅಪ್ಪನಿಗೆ ಗೊತ್ತೇ ಆಗುತ್ತಿರಲಿಲ್ಲ. "ನೂಲು ಅವರ್ದು, ಸೀರಿ ಅವರ್ದು, ಕೈ ಅಷ್ಟ ನಮ್ದು" ಅಂತ ಹೇಳುತ್ತಿದ್ದರು.

ಆ ಸಾವಕಾರರು ಕೆಟ್ಟ ಮನುಷ್ಯರಲ್ಲ. ಅವ್ವನ ಆಪರೇಷನ್‌ಗೆ ರಾತ್ರೋರಾತ್ರಿ ದುಡ್ಡು ತಂದುಕೊಟ್ಟವರು ಅವರೇ. ನೂಲು ನಿಜವಾಗಿಯೂ ಪುಕ್ಕಟೆ ಬರುತ್ತಿತ್ತು, ಅದರಲ್ಲಿ ಮೋಸ ಇರಲಿಲ್ಲ. ಆದರೆ ಆ ನೂಲು ಮನೆಗೆ ಬಂದ ದಿನವೇ ಗಿರಾಕಿಯನ್ನು ನಾವೇ ಹುಡುಕಿಕೊಳ್ಳುವ ದಾರಿ ಮುಚ್ಚುತ್ತಿತ್ತು. ಮೂವತ್ತು ವರ್ಷ ಹಾಗೇ ಹೋಯಿತು.

ಈಗ ಫ್ರೀ ಬೇಸಿಕ್ಸ್, ಅಂದರೆ ನೀವು ಕೇಳಿದ ಫೇಸ್‌ಬುಕ್‌ನ ಪುಕ್ಕಟೆ ಇಂಟರ್ನೆಟ್ ಕಡೆ ಬರೋಣ. 2015ರ ಫೆಬ್ರವರಿಯಲ್ಲಿ ಫೇಸ್‌ಬುಕ್ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಇದನ್ನು ಭಾರತಕ್ಕೆ ತಂದಿತು. ಆಗ ಇದರ ಹೆಸರು ಇಂಟರ್ನೆಟ್ ಡಾಟ್ ಆರ್ಗ್. ಮೊದಲು ಬಂದ ರಾಜ್ಯಗಳಲ್ಲಿ ಮಹಾರಾಷ್ಟ್ರ ಇತ್ತು, ಕರ್ನಾಟಕ ಇರಲಿಲ್ಲ. ನಾನು ಮೊದಲ ಸಲ ನೋಡಿದ್ದು ಸೋಲಾಪುರದಲ್ಲಿ, ಕಾಕಾನ ಫೋನಿನಲ್ಲಿ. ಡೇಟಾ ಹಾಕಿಸದೆ ಫೇಸ್‌ಬುಕ್ ತೆರೆಯುತ್ತಿತ್ತು, ವಿಕಿಪೀಡಿಯ ತೆರೆಯುತ್ತಿತ್ತು, ಸುದ್ದಿ ಮತ್ತು ಹವಾಮಾನದ ಕೆಲವು ಪುಟ ತೆರೆಯುತ್ತಿದ್ದವು. ಕಾಕಾಗೆ ತುಂಬಾ ಖುಷಿ. ನನಗೂ ಖುಷಿಯಾಯಿತು, ಸುಳ್ಳು ಹೇಳಲ್ಲ.

ಆಮೇಲೆ ಅದರ ನಿಯಮ ಓದಿದೆ. ಆ ಪಟ್ಟಿಯೊಳಗೆ ಸೇರಬೇಕಾದ ವೆಬ್‌ಸೈಟು ಫೇಸ್‌ಬುಕ್ ಹಾಕಿದ ಷರತ್ತಿಗೆ ಒಪ್ಪಬೇಕಿತ್ತು. ವಿಡಿಯೊ ಇರಬಾರದು. ಇಂಟರ್ನೆಟ್ ಕರೆ ಇರಬಾರದು. ದೊಡ್ಡ ಫೋಟೊ ಇರಬಾರದು, ಫೋಟೊ ಜಾಸ್ತಿಯೂ ಇರಬಾರದು. ಸೀರೆ ಮಾರೋರು ಫೋಟೊ ಇಲ್ಲದೆ ಏನು ಮಾಡಬೇಕು ಹೇಳಿ? ಇಳಕಲ್ ಸೀರೆಯಲ್ಲಿ ಮೈಯ ಉದ್ದದ ಎಳೆಗಳಿಗೆ ಸೆರಗಿನ ಉದ್ದದ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ತಿಳಿದ ಗಿರಾಕಿ ಮೊದಲು ಕೇಳೋದೇ ಆ ಜಾಗದ ಫೋಟೊ. ಕೈಮಗ್ಗದ್ದು ಹೌದೋ ಅಲ್ಲವೋ ಅಂತ ಅಲ್ಲಿ ಗೊತ್ತಾಗುತ್ತದೆ. ಅಷ್ಟು ಹತ್ತಿರದಿಂದ ತೆಗೆದ ಫೋಟೊವನ್ನೇ ಹೊರಗಿಡುವ ಇಂಟರ್ನೆಟ್ ನಮ್ಮ ಓಣಿಗೆ ಬಂದರೂ ನೇಕಾರನಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ನಾವು ಅದರಲ್ಲಿ ನೋಡುವವರಾಗಿ ಇರಬಹುದಿತ್ತು. ಮಾರುವವರಾಗಲು ಆಗುತ್ತಿರಲಿಲ್ಲ.

ಅಪ್ಪನ ನೂಲು ನನಗೆ ನೆನಪಾಗಿದ್ದು ಆಗ.

"ಏನೂ ಇಲ್ಲದ್ದಕ್ಕಿಂತ ಅದೇ ವಾಸಿ ಅಲ್ವಾ?" ನಿಮ್ಮ ಈ ಮಾತನ್ನು ನಾನು ಹಗುರವಾಗಿ ತಗೊಳ್ಳಲ್ಲ. ಹಸಿದವನಿಗೆ ಅರ್ಧ ರೊಟ್ಟಿಯೂ ದೊಡ್ಡದೇ. ಆದರೆ ಆಗ ಅದನ್ನು ತಡೆದ ಟ್ರಾಯ್ ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಹೇಳಿದ ಒಂದು ಮಾತು ನನಗೆ ಇಂದಿಗೂ ಸರಿ ಅನ್ನಿಸುತ್ತದೆ. ದೇಶದ ಹೆಚ್ಚಿನ ಜನ ಆಗಿನ್ನೂ ಇಂಟರ್ನೆಟ್ಟಿಗೆ ಬಂದೇ ಇರಲಿಲ್ಲ. ಅವರು ಮೊದಲ ಸಲ ಬರುವಾಗ ಇಂಟರ್ನೆಟ್ ಅಂದರೆ ಏನು ಅನ್ನೋದನ್ನು ಕಂಪನಿಯೇ ತೀರ್ಮಾನ ಮಾಡುವಂತಾಗಬಾರದು. ಇದು ಅವರ ವಾದದ ಸಾರ. ಬೆಂಗಳೂರಿನವರು ನಾಲ್ಕು ಕಡೆ ನೋಡಿದವರು, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತಟ್ಟುತ್ತಾರೆ. ಮೊದಲ ಬಾಗಿಲೇ ಇದು ಅನ್ನೋರಿಗೆ ಉಳಿದ ಬಾಗಿಲು ಇವೆ ಅಂತಲೇ ತಿಳಿಯಲ್ಲ.

ಪುಕ್ಕಟೆ ಕೊಡಲು ಬೇರೆ ದಾರಿಯೂ ಇತ್ತು. 2016ರ ಡಿಸೆಂಬರ್‌ನಲ್ಲಿ ಟ್ರಾಯ್, ಹಳ್ಳಿಯವರಿಗೆ ತಿಂಗಳಿಗೆ 100 ಎಂಬಿ ಡೇಟಾ ಪುಕ್ಕಟೆ ಕೊಡಿ, ಖರ್ಚನ್ನು ಸರ್ಕಾರದ ನಿಧಿಯಿಂದ ಭರಿಸಿ ಅಂತ ಶಿಫಾರಸು ಮಾಡಿತು. ಅಷ್ಟನ್ನೇ ಕೊಡಿ, ಆದರೆ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಲು ಬಿಡಿ ಅನ್ನೋದು ಅದರ ಅರ್ಥ. ಆ 100 ಎಂಬಿ ನಮ್ಮ ಊರಲ್ಲಿ ಯಾರ ಫೋನಿಗೂ ಬಂದದ್ದು ನಾನು ನೋಡಿಲ್ಲ. ಅದಕ್ಕೆ ನನಗೆ ಬೇಜಾರಿದೆ. ಬೇಡ ಅಂದವರು ಕೊಡುವುದನ್ನೂ ಅಷ್ಟೇ ಗಟ್ಟಿಯಾಗಿ ಮಾಡಬೇಕಿತ್ತು.

ನಿಜವಾಗಿ ನಮ್ಮ ಓಣಿಗೆ ಇಂಟರ್ನೆಟ್ ತಂದದ್ದು ಪೈಪೋಟಿ. 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಶುರುವಾಯಿತು. ಕೆಲವು ತಿಂಗಳು ಪುಕ್ಕಟೆ ಡೇಟಾ ಸಿಕ್ಕಿತು, ಉಳಿದ ಕಂಪನಿಗಳೂ ದರ ಇಳಿಸಿದವು. ಇಲ್ಲಿ ನಿಮ್ಮ ಮಾತಿಗೆ ಬಲ ಇದೆ. ಬೆಲೆ ಇಳಿಸಿದ್ದು ಮಾರುಕಟ್ಟೆ, ಸರ್ಕಾರದ ಆದೇಶವಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಹೊತ್ತಿಗೆ ಫ್ರೀ ಬೇಸಿಕ್ಸ್ ತಡೆದ ಟ್ರಾಯ್ ನಿಯಮ ಜಾರಿಯಲ್ಲಿತ್ತು. ಹಾಗಾಗಿ ಜಗಳ ಡೇಟಾ ದರದ ಮೇಲೆ ನಡೆಯಿತು. ಯಾವ ಆ್ಯಪ್ ಪುಕ್ಕಟೆ, ಯಾವುದಕ್ಕೆ ದುಡ್ಡು ಅನ್ನೋದರ ಮೇಲೆ ನಡೆಯಲಿಲ್ಲ. ಇನ್ನು ಫ್ರೀ ಬೇಸಿಕ್ಸ್ ತಂದಿದ್ದ ರಿಲಯನ್ಸ್ ಕಮ್ಯುನಿಕೇಷನ್ಸ್‌ನ ಮೊಬೈಲ್ ಸೇವೆಯೇ 2017 ಮುಗಿಯುವಷ್ಟರಲ್ಲಿ ನಿಂತುಹೋಯಿತು. ಅದನ್ನೇ ನಂಬಿಕೊಂಡಿದ್ದರೆ ಕಾಕಾನ ಗತಿ ಏನಾಗುತ್ತಿತ್ತು?

ನಿಯಮದಲ್ಲಿ ಏನಿದೆ ಅನ್ನೋದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ತಪ್ಪು ತಿಳಿದಿದ್ದಾರೆ. 2016ರ ಫೆಬ್ರವರಿ 8ರಂದು ಟ್ರಾಯ್ ಹೊರಡಿಸಿದ ನಿಯಮ ಬೆಲೆಗೆ ಸಂಬಂಧಿಸಿದ್ದು. ನೀವು ಏನು ನೋಡುತ್ತೀರಿ ಅನ್ನೋದರ ಮೇಲೆ ಡೇಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ. ಮುರಿದರೆ ದಿನಕ್ಕೆ 50,000 ರೂಪಾಯಿ ದಂಡ, ಒಟ್ಟು 50 ಲಕ್ಷದವರೆಗೆ. ಪ್ರವಾಹದಂಥ ತುರ್ತು ಸಮಯದಲ್ಲಿ ಬೇಕಾದ ಸೇವೆಗೆ ದರ ಕಡಿಮೆ ಮಾಡಲು ಅವಕಾಶ ಇದೆ. ವೇಗ ಕಡಿಮೆ ಮಾಡೋದು, ತಡೆಯೋದು, ಒಂದಕ್ಕೆ ಮುಂದೆ ಜಾಗ ಕೊಡೋದು, ಇವುಗಳನ್ನೂ ಮಾಡಬಾರದು ಅಂತ ಟ್ರಾಯ್ 2017ರ ನವೆಂಬರ್‌ನಲ್ಲಿ ಶಿಫಾರಸು ಮಾಡಿತು. 2018ರಲ್ಲಿ ಅದು ಕಂಪನಿಗಳ ಲೈಸೆನ್ಸಿನ ಷರತ್ತಿನಲ್ಲೇ ಸೇರಿತು. ಜಾಸ್ತಿ ದುಡ್ಡಿಗೆ ಜಾಸ್ತಿ ಡೇಟಾ, ಜಾಸ್ತಿ ವೇಗದ ಪ್ಲಾನು, ಇದಕ್ಕೆಲ್ಲ ಯಾವ ಅಡ್ಡಿಯೂ ಇಲ್ಲ. ದರ ಇಷ್ಟೇ ಇರಬೇಕು ಅಂತಲೂ ಈ ನಿಯಮ ಹೇಳಲ್ಲ. ಎಷ್ಟಾದರೂ ಕೇಳಿ, ಆದರೆ ಗಿರಾಕಿ ಎಲ್ಲಿಗೆ ಹೋಗುತ್ತಾನೆ ಅಂತ ನೋಡಿ ಬೆಲೆ ಹೇಳಬೇಡಿ. ಇಷ್ಟೇ.

ಕಂಪನಿಗಳು ಹಾಗೆಲ್ಲ ಮಾಡುತ್ತವಾ ಅಂತ ನೀವು ಕೇಳಬಹುದು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗಳಿಗೆ ಬೇರೆ ದರ ಅಂತ ಘೋಷಿಸಿತ್ತು. ಜನ ಸಿಟ್ಟಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ತಗೊಂಡಿತು. ದೇಶದಲ್ಲಿ ಈ ಚರ್ಚೆ ಜೋರಾಗಿದ್ದೇ ಅಲ್ಲಿಂದ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಈಗ ಅಪ್ಪ ಮತ್ತು ಪಕ್ಕದ ಮೂರು ಮನೆಯವರು ನೇಯ್ದ ಸೀರೆಯನ್ನು ನಾನು ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತೇನೆ. ಪುಣೆ, ಹುಬ್ಬಳ್ಳಿ, ಬೆಂಗಳೂರಿನ ಗಿರಾಕಿಗಳು ವಿಡಿಯೊ ಕಾಲ್‌ನಲ್ಲಿ ಸೆರಗು ನೋಡಿ ಆರಿಸುತ್ತಾರೆ. ಕೆಲವು ವರ್ಷದ ಹಿಂದೆ ಮನೆಗೆ ವೈರಿನ ನೆಟ್ ಹಾಕಿಸಿದ್ದೆವು. ಹಾಡು, ಸಿನಿಮಾ ಎಲ್ಲಾ ಸರಾಗ ಬರುತ್ತಿತ್ತು. ವಿಡಿಯೊ ಕಾಲ್ ಮಾತ್ರ ಮತ್ತೆ ಮತ್ತೆ ನಿಲ್ಲುತ್ತಿತ್ತು. ಸೀರೆಯ ಬಣ್ಣವೇ ಸರಿಯಾಗಿ ಕಾಣುತ್ತಿರಲಿಲ್ಲ, ಎರಡು ಆರ್ಡರ್ ಕೈ ತಪ್ಪಿದವು. ನೆಟ್ ಹಾಕಿದ ಹುಡುಗನನ್ನು ಕೇಳಿದೆ. "ವಿಡಿಯೊ ಕಾಲ್ ಚಲೋ ಬರಬೇಕಂದ್ರ ಅದಕ್ಕ ಬ್ಯಾರೆ ಪ್ಯಾಕ್ ಐತ್ರೀ ಅಕ್ಕಾರ, ತಿಂಗಳಿಗೆ ನೂರೈವತ್ತು ಜಾಸ್ತಿ" ಅಂದ.

ಬೇರೆಯವರಾಗಿದ್ದರೆ ಕೊಟ್ಟುಬಿಡುತ್ತಿದ್ದರೇನೋ. ನಾನು ಆ 2016ರ ನಿಯಮವನ್ನು ಪ್ರಿಂಟ್ ತೆಗೆಸಿ, ಬೇರೆ ಬೇರೆ ದರ ಹಾಕುವಂತಿಲ್ಲ ಅನ್ನೋ ಸಾಲಿಗೆ ಗೆರೆ ಎಳೆದು, ಅವರ ಆಫೀಸಿಗೆ ಹೋದೆ. ಮಾಲೀಕರು ಎರಡು ಸಲ ಓದಿದರು. ಅಂಥ ಪ್ಯಾಕ್ ಇಲ್ಲವೇ ಇಲ್ಲ, ಹುಡುಗ ಸುಮ್ನೆ ಹೇಳಿದ್ದಾನೆ ಅಂದರು. ವಾರದೊಳಗೆ ವಿಡಿಯೊ ಕಾಲ್ ಸರಿಯಾಯಿತು. ಅವರು ಬೇಕಂತಲೇ ವೇಗ ಕಡಿಮೆ ಮಾಡಿದ್ದರೋ, ಬೇರೆ ಏನಾದರೂ ದೋಷ ಇತ್ತೋ, ನನ್ನ ಬಳಿ ಪುರಾವೆ ಇಲ್ಲ. ಆ ಕಾಗದ ಇಲ್ಲದಿದ್ದರೆ ನಾನು ತಿಂಗಳಿಗೆ ನೂರೈವತ್ತು ಕೊಡುತ್ತಿದ್ದೆ ಅನ್ನೋದು ಮಾತ್ರ ಖಂಡಿತ.

ಬೇರೆ ಕಂಪನಿಗೆ ಹೋಗಬಹುದಿತ್ತಲ್ಲ ಅಂದರೆ, ನಮ್ಮ ಓಣಿಗೆ ಆಗ ವೈರ್ ಎಳೆದದ್ದು ಅವರೊಬ್ಬರೇ. ಮೊಬೈಲಿನಲ್ಲೂ ಈಗ ಉಳಿದಿರೋದು ಮೂರು ದೊಡ್ಡ ಖಾಸಗಿ ಕಂಪನಿ, ಜೊತೆಗೆ ಬಿಎಸ್‌ಎನ್‌ಎಲ್. ಏರ್‌ಸೆಲ್ ಮುಳುಗಿತು. ಐಡಿಯಾ, ವೊಡಾಫೋನ್ 2018ರಲ್ಲಿ ಒಂದಾದವು. ಮಾರುಕಟ್ಟೆ ನೋಡಿಕೊಳ್ಳುತ್ತದೆ ಅನ್ನೋದು ಹತ್ತು ಅಂಗಡಿ ಇರುವ ಬಜಾರಿಗೆ ಹೊಂದುವ ಮಾತು. ಅಪ್ಪನ ಕಾಲದಲ್ಲಿ ನೂಲು ಕೊಡುವ ಸಾವಕಾರರೂ ಬೆರಳೆಣಿಕೆಯಷ್ಟೇ ಇದ್ದರು. ಒಬ್ಬರ ಮುಂಗಡ ತೀರಿಸದೆ ಇನ್ನೊಬ್ಬರ ಹತ್ತಿರ ಹೋಗಲು ಆಗುತ್ತಿರಲಿಲ್ಲ.

ಹಾಗಂತ ಸರ್ಕಾರ ಕೈ ಹಾಕಿದ್ದೆಲ್ಲಾ ಸರಿ ಅಂತ ನಾನು ಹೇಳುತ್ತಿಲ್ಲ. ಕಂಪನಿ ಬಾಗಿಲು ಮುಚ್ಚದಂತೆ ಕಾಯುವ ಸರ್ಕಾರದ ಕೈಯಲ್ಲೇ ಇಡೀ ಇಂಟರ್ನೆಟ್ ಬಂದ್ ಮಾಡುವ ಅಧಿಕಾರವೂ ಇದೆ. 2017ರಲ್ಲಿ ಅದಕ್ಕೆ ನಿಯಮ ಬಂತು, ಮುಂದೆ 2023ರ ದೂರಸಂಪರ್ಕ ಕಾಯ್ದೆಯಲ್ಲೂ ಆ ಅಧಿಕಾರ ಉಳಿಯಿತು. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್, ಕಾಶ್ಮೀರದ ಇಂಟರ್ನೆಟ್ ಬಂದ್ ಬಗ್ಗೆ ಬಂದ ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಬಂದ್ ಮಾಡಿದ ಆದೇಶವನ್ನು ಪ್ರಕಟಿಸಬೇಕು, ಕೊನೆಯಿಲ್ಲದೆ ಬಂದ್ ಇಡುವಂತಿಲ್ಲ ಅಂತ ಹೇಳಿತು. ಎರಡು ದಿನ ನೆಟ್ ನಿಂತರೆ ನನ್ನ ಗಿರಾಕಿಗೆ ಉತ್ತರ ಹೋಗಲ್ಲ, ಪಾವತಿ ಬರಲ್ಲ, ನಾಲ್ಕು ಮಗ್ಗದ ವಾರದ ಲೆಕ್ಕ ತಪ್ಪುತ್ತದೆ. ಅದನ್ನು ನಿಲ್ಲಿಸಿದ್ದು ಕಂಪನಿಯಾದರೇನು, ಅಧಿಕಾರಿಯಾದರೇನು? ನಾನು ಕೇಳುವ ನಿಯಮ ಇಬ್ಬರ ಕೈಯನ್ನೂ ಕಟ್ಟಬೇಕು. ಕಂಪನಿಯ ಕೈ ಕಟ್ಟಿತು, ಸರ್ಕಾರದ ಕೈ ಇನ್ನೂ ಸಡಿಲವಾಗಿದೆ.

ಇನ್ನೊಂದು ಮಾತು, ಯಾಕೆಂದರೆ ಇದು ಮುಗಿದ ಕಥೆಯಲ್ಲ. ಅಮೆರಿಕದಲ್ಲಿ ಇಂಥದ್ದೇ ನಿಯಮ 2015ರಲ್ಲಿ ಬಂತು, 2017ರಲ್ಲಿ ಹೋಯಿತು, 2024ರಲ್ಲಿ ಮತ್ತೆ ಬಂತು, 2025ರ ಜನವರಿಯಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ನಮ್ಮಲ್ಲಿ ಲೈಸೆನ್ಸಿನಲ್ಲೇ ಸೇರಿರುವುದರಿಂದ ಸ್ವಲ್ಪ ಗಟ್ಟಿಯಾಗಿ ನಿಂತಿದೆ. ಆದರೆ ದೊಡ್ಡ ಆ್ಯಪ್‌ಗಳು ನಮ್ಮ ಜಾಲ ಬಳಸುತ್ತಿವೆ, ಅವುಗಳಿಂದ ನಮಗೆ ಪಾಲು ಕೊಡಿಸಿ ಅಂತ ನಮ್ಮ ಟೆಲಿಕಾಂ ಕಂಪನಿಗಳು 2023ರಿಂದ ಜೋರಾಗಿ ಕೇಳುತ್ತಿವೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ದಕ್ಷಿಣ ಕೊರಿಯಾದಲ್ಲಿ ಇಂಥ ಶುಲ್ಕದ ಭಾರ ಜಾಸ್ತಿಯಾಯಿತು ಅಂತ ಹೇಳಿ ಟ್ವಿಚ್ ಎಂಬ ವಿಡಿಯೊ ಸೇವೆ 2024ರಲ್ಲಿ ಆ ದೇಶವನ್ನೇ ಬಿಟ್ಟಿತು. ದೊಡ್ಡ ಆ್ಯಪ್‌ನವರು ಶುಲ್ಕ ಕೊಟ್ಟು ಉಳಿಯಬಹುದು. ನಾಳೆ ನಮ್ಮ ಇಳಕಲ್ ಅಥವಾ ಗುಳೇದಗುಡ್ಡದ ನೇಕಾರರು ತಮ್ಮದೇ ಒಂದು ಸಣ್ಣ ಆ್ಯಪ್ ಮಾಡಿಕೊಂಡರೆ ಅವರು ಎಲ್ಲಿಂದ ಕೊಡಬೇಕು?

2015ರಲ್ಲಿ ಟ್ರಾಯ್ ಜನರ ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ಆಗ ಬಾಗಲಕೋಟೆಯಲ್ಲಿ ಓದುತ್ತಿದ್ದ ನಾನೂ ಒಂದು ಕಳಿಸಿದ್ದೆ, ಯಾರೋ ಬರೆದುಕೊಟ್ಟಿದ್ದ ಇಂಗ್ಲಿಷ್ ಕಾಗದವನ್ನು ಹಾಗೇ ಕಳಿಸಿದ್ದೆ. ಮುಂದಿನ ಸಲ ಕೇಳಿದಾಗ ಕನ್ನಡದಲ್ಲಿ, ನನ್ನದೇ ಮಾತಿನಲ್ಲಿ, ಅಪ್ಪನ ನೂಲಿನ ಲೆಕ್ಕ ಸೇರಿಸಿ ಬರೆಯುತ್ತೇನೆ. ನಿಮ್ಮ ಅಭಿಪ್ರಾಯ ಬೇರೆಯೇ ಇದ್ದರೂ ನೀವೂ ಬರೆಯಿರಿ.