ನನ್ನ ಉತ್ತರ ಪತ್ರಿಕೆ ನೋಡೋಕೆ ನನಗೆ ಹಕ್ಕಿದೆಯಾ?

ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದ್ತಿದ್ದೀರಿ, ಒಂದು ಪೇಪರ್‌ನಲ್ಲಿ ಮಾತ್ರ ಫೇಲ್, ಕೇಳಿದರೆ ಕಾಲೇಜಿನವರು 'ಅದನ್ನೆಲ್ಲ ತೋರಿಸಲ್ಲ' ಅಂದರು ಅಂತ ಬರೆದಿದ್ದೀರಿ. ತೋರಿಸಲೇಬೇಕು. ತಿದ್ದಿದ ಉತ್ತರ ಪತ್ರಿಕೆ ಕೂಡ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಬರುವ ಮಾಹಿತಿ, ವಿದ್ಯಾರ್ಥಿ ತನ್ನದನ್ನು ತಾನು ನೋಡಬಹುದು, ನಕಲೂ ಪಡೆಯಬಹುದು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಕಾಲೇಜಿನಲ್ಲಿ ಸುಮ್ನೆ ಅಲೆಯಬೇಡಿ. ನಿಮ್ಮದು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಪತ್ರಿಕೆ ಇರೋದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ, ಹಾಗಾಗಿ ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೇ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿಗಿಂತ ಕಡಿಮೆ! ರಿಜಿಸ್ಟರ್ ನಂಬರ್, ಸೆಮಿಸ್ಟರ್, ವಿಷಯ ಬರೆದರೆ ಸಾಕು, ಕಾರಣ ಹೇಳಬೇಕಿಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ್ದಾಗಿರಬೇಕು, ಇದನ್ನೇ ನೆಪ ಮಾಡಿ ವಾಪಸ್ ಕಳಿಸೋದು ಜಾಸ್ತಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ.

ತಡ ಮಾತ್ರ ಮಾಡಬೇಡಿ. ಪತ್ರಿಕೆಗಳನ್ನು ಇಟ್ಟುಕೊಳ್ಳೋಕೆ ಒಂದು ಅವಧಿ ಇರುತ್ತೆ, ಅದು ಮುಗಿದರೆ ಕೇಳಿ ಪ್ರಯೋಜನವಿಲ್ಲ. ತಿದ್ದಿದವರ ಹೆಸರು ಕೊಡಲ್ಲ. ಮರುಮೌಲ್ಯಮಾಪನವೂ ಈ ಅರ್ಜಿಯಿಂದ ಸಿಗಲ್ಲ, ಅದಕ್ಕೆ ವಿಶ್ವವಿದ್ಯಾಲಯದ ನಿಯಮದಂತೆ ಬೇರೆ ಅರ್ಜಿ, ಬೇರೆ ಫೀಸು.