ತಿದ್ದುವ ಕಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರೆದದ್ದನ್ನು ನಾಲ್ಕು ಸಲ ಓದಿಯೇ ಕಳಿಸುತ್ತೇನೆ. ಆದರೂ ಅಚ್ಚಾಗಿ ಬಂದಾಗ ಮೊದಲ ನೋಟಕ್ಕೇ ತಪ್ಪು ಕಣ್ಣಿಗೆ ಬೀಳುತ್ತದೆ. ಏಕೆ ಹೀಗೆ?

ಉತ್ತರ: ನಾಲ್ಕು ಸಲವೂ ನೀವು ಓದಿದ್ದು ಹಾಳೆಯನ್ನಲ್ಲ, ನಿಮ್ಮ ನೆನಪನ್ನು. ಮುಂದಿನ ಪದ ಯಾವುದೆಂದು ಮನಸ್ಸಿಗೆ ಮೊದಲೇ ಗೊತ್ತಿರುವುದರಿಂದ ಕಣ್ಣು ಪದದ ಆಕಾರ ನೋಡಿ ಮುಂದಕ್ಕೆ ಜಿಗಿಯುತ್ತದೆ. ಬಿಟ್ಟುಹೋದ ದೀರ್ಘವನ್ನೂ ಒತ್ತನ್ನೂ ಮನಸ್ಸೇ ತುಂಬಿಕೊಳ್ಳುತ್ತದೆ. ಅಚ್ಚಾದಾಗ ಅಕ್ಷರದ ರೂಪ, ಸಾಲು ಮುರಿಯುವ ಜಾಗ ಎಲ್ಲ ಬದಲಾಗಿರುತ್ತವೆ. ಬರಹ ಬೇರೆಯವರದ್ದೆಂಬಂತೆ ಕಾಣುವುದರಿಂದ ತಪ್ಪೂ ಕಾಣುತ್ತದೆ.

ಈ ಬದಲಾವಣೆಯನ್ನು ಕಳಿಸುವ ಮುಂಚೆಯೇ ಮಾಡಿಕೊಳ್ಳಿ. ಬರೆದ ಮೇಲೆ ಒಂದು ರಾತ್ರಿಯಾದರೂ ಬಿಡಿ. ಆಮೇಲೆ ಫಾಂಟ್ ಬದಲಿಸಿ, ಅಕ್ಷರದ ಗಾತ್ರವನ್ನು 12ರಿಂದ 16ಕ್ಕೆ ಏರಿಸಿ, ಪುಟದ ಅಂಚು ಹಿಗ್ಗಿಸಿ ಸಾಲಿನ ಉದ್ದವನ್ನು ಅರ್ಧಕ್ಕೆ ಇಳಿಸಿ. ಸಾಧ್ಯವಿದ್ದರೆ ಮುದ್ರಿಸಿಕೊಂಡು, ಪೆನ್ನಿನ ತುದಿಯನ್ನು ಪ್ರತಿ ಪದದ ಕೆಳಗಿಟ್ಟು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಕಣ್ಣು ಮತ್ತೆ ಜಿಗಿಯುತ್ತದೆ; ಬಾಯಿ ತೆರೆದು ಓದುವಾಗ ಜಿಗಿಯುವುದು ಕಷ್ಟ. ಕೊನೆಯ ಪ್ಯಾರಾದಿಂದ ಹಿಂದಕ್ಕೆ ಒಂದೊಂದೇ ಪ್ಯಾರಾ ಓದುತ್ತ ಬಂದರೂ ಒಳ್ಳೆಯದು, ಏಕೆಂದರೆ ದಣಿದ ಕಣ್ಣಿಗೆ ಸಿಗುತ್ತಿದ್ದ ಭಾಗ ಆಗ ಚುರುಕಾದ ಕಣ್ಣಿಗೆ ಸಿಗುತ್ತದೆ. ಶೀರ್ಷಿಕೆ, ಚಿತ್ರದ ಅಡಿಬರಹ, ಹೆಸರು, ಇಸವಿಗಳನ್ನು ಬೇರೆಯಾಗಿಯೇ ನೋಡಿ. ದೊಡ್ಡ ಅಕ್ಷರದಲ್ಲಿರುವುದು ಸರಿಯಾಗಿಯೇ ಇರುತ್ತದೆಂದು ನಂಬಿ ಎಲ್ಲರೂ ದಾಟಿಹೋಗುವ ಜಾಗಗಳಿವು.

ಪ್ರಶ್ನೆ: ಮೊದಲು ಕಾಗುಣಿತ ತಿದ್ದಬೇಕೋ, ವಾಕ್ಯ ತಿದ್ದಬೇಕೋ?

ಉತ್ತರ: ಕಾಗುಣಿತ ಕೊನೆಗೆ. ಮೊದಲ ಸುತ್ತಿನಲ್ಲಿ ಯಾವ ಪ್ಯಾರಾ ಬೇಕು, ಯಾವುದು ಬೇಡ, ಯಾವುದು ಮೇಲೆ ಹೋಗಬೇಕು ಎಂದಷ್ಟೇ ನೋಡಿ. ಎರಡನೆಯದರಲ್ಲಿ ವಾಕ್ಯ, ಮೂರನೆಯದರಲ್ಲಿ ಅಕ್ಷರ ಮತ್ತು ಚಿಹ್ನೆ. ತೆಗೆದುಹಾಕಬೇಕಾದ ಪ್ಯಾರಾದ ಒತ್ತಕ್ಷರ ತಿದ್ದುತ್ತ ಕುಳಿತರೆ ಆ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಷ್ಟು ತಿದ್ದಿದ ಮೇಲೆ ಅದನ್ನು ತೆಗೆಯಲು ಮನಸ್ಸೇ ಬರುವುದಿಲ್ಲ.

ಪ್ರಶ್ನೆ: ಕಂಪ್ಯೂಟರಿನ ಕಾಗುಣಿತ ಪರೀಕ್ಷಕವನ್ನು ನಂಬಬಹುದೇ?

ಉತ್ತರ: ಅರ್ಧ ನಂಬಿ. ಕನ್ನಡದಲ್ಲಿ ಪದಕ್ಕೆ ಬಹುವಚನ, ವಿಭಕ್ತಿ, ಊ, ಏ ಎಲ್ಲವೂ ಅಂಟಿಕೊಳ್ಳುತ್ತವೆ. ‘ಮನೆ’ ಒಂದರಿಂದಲೇ ಮನೆಗಳಲ್ಲಿಯೂ, ಮನೆಯವರಿಗಂತೂ, ಮನೆಯಿಂದಲೇ ಎಂದು ಸಾಲು ಬೆಳೆಯುತ್ತದೆ. ಪರೀಕ್ಷಕದ ಪದಪಟ್ಟಿಯಲ್ಲಿ ಇಲ್ಲದ ರೂಪ ಬಂದರೆ ಸರಿಯಿದ್ದ ಪದಕ್ಕೂ ಕೆಂಪು ಗೆರೆ ಬೀಳುತ್ತದೆ. ಸುಳ್ಳು ಗೆರೆಗಳನ್ನು ಕಂಡು ಕಂಡು ನಿಜವಾದ ಗೆರೆಯನ್ನೂ ನಾವು ಕಡೆಗಣಿಸುತ್ತೇವೆ. ಇತ್ತ ‘ಗ್ರಹಪ್ರವೇಶ’ ಎಂದು ಬರೆದರೆ ಗೆರೆ ಬೀಳದೆಯೂ ಹೋಗಬಹುದು, ಗೃಹವೂ ಗ್ರಹವೂ ಇರುವ ಪದಗಳೇ ತಾನೆ! ಪರಿಣಾಮ–ಪರಿಮಾಣ, ಹೇಳು–ಏಳು, ಕಲೆ–ಕಳೆ ಇವೂ ಹಾಗೆಯೇ.

ಆದ್ದರಿಂದ ನಿಮ್ಮದೇ ತಪ್ಪುಗಳ ಪಟ್ಟಿ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಹತ್ತು ಹದಿನೈದು ಪದಗಳಲ್ಲೇ ಮತ್ತೆ ಮತ್ತೆ ಎಡವುತ್ತಾರೆ. ಉಚ್ಛಾರಣೆ (ಸರಿ: ಉಚ್ಚಾರಣೆ), ಶುಭಾಷಯ (ಶುಭಾಶಯ), ಕೂಲಂಕುಷ (ಕೂಲಂಕಷ) ಹೀಗೆ. ಕೂಲ ಎಂದರೆ ದಡ, ಕಷ ಎಂದರೆ ಉಜ್ಜುವಂಥದ್ದು. ದಡವನ್ನು ಉಜ್ಜುತ್ತ ಹರಿಯುವ ನದಿಯನ್ನು ಒಮ್ಮೆ ನೆನಪಿಟ್ಟುಕೊಂಡರೆ ಅಲ್ಲಿ ಅಂಕುಶ ಬರುವುದಿಲ್ಲ. ಬರಹ ಮುಗಿದ ಮೇಲೆ ಪಟ್ಟಿಯ ಒಂದೊಂದು ತಪ್ಪು ರೂಪವನ್ನೂ ‘ಹುಡುಕು’ ಸೌಲಭ್ಯದಲ್ಲಿ ಹಾಕಿ ನೋಡಿ.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ಅನುಸ್ವಾರದ (ಂ) ಜಾಗದಲ್ಲಿ ಕನ್ನಡದ ಸೊನ್ನೆ (೦) ಒತ್ತಿದ್ದರೆ ಓದುವವರಿಗೆ ವ್ಯತ್ಯಾಸ ತಿಳಿಯದು, ಆದರೆ ಆ ಪದ ಹುಡುಕಾಟದಲ್ಲಿ ಸಿಗುವುದಿಲ್ಲ. ಸೊನ್ನೆಯನ್ನೇ ಹುಡುಕಿ, ಎಲ್ಲವೂ ಸಿಕ್ಕಿಬೀಳುತ್ತವೆ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಈಗಿನ ಅಕ್ಷರ ಸಂಕೇತ ಕ್ರಮವಾದ ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಕೂರುತ್ತಿತ್ತು, ಯೂನಿಕೋಡ್‌ನಲ್ಲಿ ರ್ ಮೊದಲು ಬರುತ್ತದೆ. ಪರಿವರ್ತಕ ತಂತ್ರಾಂಶ ಎಡವುವುದು ಇಂಥ ಕಡೆಯೇ.

ಪ್ರಶ್ನೆ: ನನ್ನ ವಾಕ್ಯಗಳು ಭಾರವಾಗಿವೆ ಎನ್ನುತ್ತಾರೆ. ಹಗುರ ಮಾಡುವುದು ಹೇಗೆ?

ಉತ್ತರ: ಒಂದು ವಾಕ್ಯವನ್ನೇ ಬಿಚ್ಚಿ ನೋಡೋಣ. ‘ಸಮಿತಿಯ ಸದಸ್ಯರುಗಳ ವತಿಯಿಂದ ಪರಿಶೀಲನೆಯನ್ನು ಮಾಡಲಾದ ಕಾರಣದಿಂದಾಗಿ ವರದಿಯನ್ನು ಸಲ್ಲಿಸುವಲ್ಲಿ ವಿಳಂಬವುಂಟಾಗಿರುತ್ತದೆ.’ ‘ಸದಸ್ಯರು’ ಆಗಲೇ ಬಹುವಚನ, ‘ಗಳು’ ಬೇಡ. ‘ಪರಿಶೀಲನೆಯನ್ನು ಮಾಡು’ ಎಂಬುದಕ್ಕೆ ‘ಪರಿಶೀಲಿಸು’ ಸಾಕು. ‘ಕಾರಣದಿಂದಾಗಿ’ಯಲ್ಲಿ ಕಾರಣ, ಇಂದ, ಆಗಿ ಮೂರೂ ಸೇರಿ ಒಂದೇ ಕೆಲಸ ಮಾಡುತ್ತಿವೆ. ಇಷ್ಟು ಕಳೆದರೆ ಉಳಿಯುವುದು: ‘ಸಮಿತಿಯ ಸದಸ್ಯರು ಪರಿಶೀಲಿಸಿದ್ದರಿಂದ ವರದಿ ಸಲ್ಲಿಕೆ ತಡವಾಯಿತು.’ ಯಾರು ಏನು ಮಾಡಿದರೆಂಬುದು ಈಗ ಮೊದಲ ಮೂರು ಪದಗಳಲ್ಲೇ ಇದೆ. ‘ಲಾಗಿದೆ’, ‘ಲಾಯಿತು’ ಎಂದು ಮುಗಿಯುವ ವಾಕ್ಯಗಳನ್ನು ಹುಡುಕಿ ತೆಗೆದು, ಮಾಡಿದವರು ಯಾರೆಂದು ಕೇಳಿಕೊಳ್ಳಿ. ಉತ್ತರ ಗೊತ್ತಿದ್ದರೆ ಅವರನ್ನು ವಾಕ್ಯದೊಳಕ್ಕೆ ಕರೆತನ್ನಿ.

ಚಿಕ್ಕ ವಾಕ್ಯವೂ ಗೊಂದಲ ಹುಟ್ಟಿಸಬಲ್ಲದು. ‘ನಿನ್ನೆ ಬಂದಿದ್ದ ಲೇಖಕರ ಮಗಳು’ ಎಂದರೆ ಬಂದದ್ದು ಲೇಖಕರೋ, ಮಗಳೋ? ಇಂಥ ಕಡೆ ಅಲ್ಪವಿರಾಮದಿಂದ ತೇಪೆ ಹಾಕಬೇಡಿ. ‘ಲೇಖಕರ ಮಗಳು ನಿನ್ನೆ ಬಂದಿದ್ದರು’ ಎಂದು ಒಂದು ವಾಕ್ಯ ಮುಗಿಸಿ, ಉಳಿದದ್ದನ್ನು ಇನ್ನೊಂದರಲ್ಲಿ ಹೇಳಿ.

ಪ್ರಶ್ನೆ: ಕೊನೆಯ ಗಳಿಗೆಯಲ್ಲಿ ಒಂದೆರಡು ಪದ ಬದಲಿಸಿದರೆ ಮತ್ತೆ ಪೂರ್ತಿ ಓದಬೇಕೇ?

ಉತ್ತರ: ಪೂರ್ತಿ ಬೇಕಿಲ್ಲ, ಆದರೆ ಬದಲಿಸಿದ ವಾಕ್ಯವನ್ನೂ ಅದರ ಹಿಂದು ಮುಂದಿನ ವಾಕ್ಯಗಳನ್ನೂ ಓದಲೇಬೇಕು. ‘ವಿದ್ಯಾರ್ಥಿ’ಯನ್ನು ‘ವಿದ್ಯಾರ್ಥಿಗಳು’ ಮಾಡಿದವರು ವಾಕ್ಯದ ತುದಿಯ ‘ಬಂದನು’ ಬದಲಿಸಲು ಮರೆಯುತ್ತಾರೆ. ಮುಂದಿನ ವಾಕ್ಯದಲ್ಲಿ ‘ಅವನ’ ಎಂಬುದೂ ಹಾಗೇ ಉಳಿದಿರುತ್ತದೆ. ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವ ನಮ್ಮ ಭಾಷೆಯಲ್ಲಿ ತಿದ್ದಿದ ಜಾಗಕ್ಕೂ ಕೆಡುವ ಜಾಗಕ್ಕೂ ಎಷ್ಟೋ ಸಲ ಎರಡು ಸಾಲಿನ ಅಂತರವಿರುತ್ತದೆ.