ಮೇಲೆ ಬಿರುಗಾಳಿ, ತಳದ ಹಡಗಿಗೇನು?

ಪ್ರಶ್ನೆ: ಮೇ ತಿಂಗಳಲ್ಲಿ ಕಾರವಾರಕ್ಕೆ ಹೋಗಿದ್ದಾಗ ಚಂಡಮಾರುತದ ಎಚ್ಚರಿಕೆ ಇತ್ತು. ನೂರಾರು ವರ್ಷದ ಹಿಂದೆ ಮುಳುಗಿದ ಹಡಗುಗಳಿಗೆ ಈಗ ಏನಾಗುತ್ತದೆ ಅಂತ ಮಗಳು ಕೇಳಿದಳು. ಮೇಲೆ ಎಷ್ಟೇ ಗದ್ದಲವಿದ್ದರೂ ತಳ ಶಾಂತವಾಗಿರುತ್ತದೆ ಎಂದೆ. ಸರಿ ತಾನೆ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅರ್ಧ ಸರಿ. ಸುಮಾರು 3,800 ಮೀಟರ್ ಆಳದಲ್ಲಿರುವ ಟೈಟಾನಿಕ್‌ಗೆ ಮೇಲಿನ ಅಲೆ ಗೊತ್ತೇ ಆಗುವುದಿಲ್ಲ. ದಂಡೆಯ ಹತ್ತಿರದ ಹಡಗಿನ ಕಥೆ ಬೇರೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ನೆತ್ತಿಗೆ ಎಷ್ಟು ದೂರವೋ, ಅದರ ಅರ್ಧದಷ್ಟು ಆಳದವರೆಗೆ ನೀರು ಕದಲುತ್ತದೆ. ಆರು ಸೆಕೆಂಡಿಗೊಂದು ಅಲೆ ಬಂದರೆ ಆ ಆಳ ಸುಮಾರು 28 ಮೀಟರ್. ಚಂಡಮಾರುತದಲ್ಲಿ ಹನ್ನೆರಡು ಸೆಕೆಂಡಿಗೊಂದು ಉದ್ದನೆಯ ಅಲೆ ಬಂದರೆ 110 ಮೀಟರ್ ದಾಟುತ್ತದೆ.

ಅದರ ಬಲ ಎಷ್ಟು ಅಂತೀರಾ? ಅಮೆರಿಕದ ಫ್ಲೋರಿಡಾ ತೀರದಲ್ಲಿ 2002ರಲ್ಲಿ, ಮೀನುಗಳಿಗೆ ಆಸರೆಯಾಗಲಿ ಎಂದು ಸ್ಪೀಗಲ್ ಗ್ರೋವ್ ಎಂಬ ಹಳೆಯ ನೌಕಾಪಡೆ ಹಡಗನ್ನು ಮುಳುಗಿಸಿದ್ದರು. ಉದ್ದ 155 ಮೀಟರ್. ಅದು ಪಕ್ಕಕ್ಕೆ ಮಲಗಿಬಿಟ್ಟಿತ್ತು. 2005ರ ಡೆನ್ನಿಸ್ ಚಂಡಮಾರುತ ಅದನ್ನು ನೆಟ್ಟಗೆ ನಿಲ್ಲಿಸಿ ಹೋಯಿತು!

ಆದರೆ ಹಳೆಯ ಮರದ ಹಡಗಿಗೆ ಈ ತಳ್ಳಾಟಕ್ಕಿಂತ ಜಾಸ್ತಿ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ನಮ್ಮ ಕಡೆಯವರಿಗೆ ಹಗೇವು ಗೊತ್ತಲ್ಲ? ನೆಲದಡಿ ಜೋಳ ತುಂಬಿ ಬಾಯಿ ಮುಚ್ಚಿದರೆ ಒಳಗೆ ಗಾಳಿಯಾಡುವುದಿಲ್ಲ, ಹುಳ ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಇರುತ್ತದೆ. ಮರಳು, ಕೆಸರಿನಡಿ ಹೂತ ಹಡಗೂ ಹಾಗೆಯೇ. ಬಿರುಗಾಳಿ ಬಂದು ಹಗೇವಿನ ಬಾಯಿ ತೆಗೆಯುತ್ತದೆ. ಕಾರವಾರದ ದಂಡೆಯಲ್ಲಿ ಅಲೆ ಹಿಂದೆ ಸರಿಯುವಾಗ ಹಿಮ್ಮಡಿ ಕೆಳಗಿನ ಮರಳು ಜಾರಿ ಕಾಲು ಕುಸಿಯುತ್ತದೆ, ಅಲ್ವಾ? ಹಡಗಿನ ಸುತ್ತಲೂ ಅದೇ ಆಗುತ್ತದೆ. ಮರಳು ಹೋಗುತ್ತದೆ, ಆಮ್ಲಜನಕ ಬರುತ್ತದೆ, ಅದರ ಹಿಂದೆಯೇ ಹಡಗುಹುಳ ಬರುತ್ತದೆ. ಹೆಸರಿಗೆ ಹುಳ, ಜಾತಿಯಲ್ಲಿ ಅದು ಕಪ್ಪೆಚಿಪ್ಪಿನ ನೆಂಟ. ಮರ ಕೊರೆಯುವುದರಲ್ಲಿ ಗೆದ್ದಲಿಗೇನೂ ಕಡಿಮೆಯಿಲ್ಲ. ಕಬ್ಬಿಣದ ಮೇಲೆ ಕಟ್ಟಿಕೊಂಡ ಗಟ್ಟಿ ಪದರ ಒಡೆದರೆ ತುಕ್ಕು ಮತ್ತೆ ಹೊಸದಾಗಿ ಶುರು.

ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆ 1545ರಲ್ಲಿ ಮುಳುಗಿತು. 1982ರಲ್ಲಿ ಮೇಲೆತ್ತಿದಾಗ ಸಿಕ್ಕಿದ್ದು ಕೆಸರಿನಲ್ಲಿ ಹೂತಿದ್ದ ಅರ್ಧ ಮಾತ್ರ. ನಮಗೆ ಹತ್ತಿರದ್ದೆಂದರೆ ಗೋವಾದ ಸುಂಚಿ ರೀಫ್ ಎಂಬ ಸಮುದ್ರದೊಳಗಿನ ಬಂಡೆಸಾಲು. ಅಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಹುಡುಕಿದ 17ನೇ ಶತಮಾನದ ಹಡಗಿನ ಅವಶೇಷ ಕೆಲವೇ ಮೀಟರ್ ಆಳದಲ್ಲಿದೆ. ಪಿರಂಗಿ, ಆನೆದಂತ, ನೀರಾನೆಯ ಹಲ್ಲು, ಜಾಡಿಯ ಚೂರು ಸಿಕ್ಕಿವೆ. ಪ್ರತಿ ಮಳೆಗಾಲ ಅಲೆಯ ಪೆಟ್ಟು ತಿನ್ನುವ ಜಾಗದಲ್ಲಿ ಉಳಿಯುವುದು ಇಂಥ ಗಟ್ಟಿ ಸಾಮಾನೇ.

ಒಂದು ಮಾತು ಬಿರುಗಾಳಿಯ ಪರವಾಗಿಯೂ ಹೇಳಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಟೆಕ್ಸಾಸ್ ಹತ್ತಿರ ಹ್ಯಾಟರಸ್ ಎಂಬ ಯುದ್ಧನೌಕೆ ಮುಳುಗಿತ್ತು. 2008ರ ಐಕ್ ಚಂಡಮಾರುತ ಅದರ ಮೇಲಿನ ಮರಳನ್ನು ಸರಿಸಿತು. 2012ರಲ್ಲಿ ತಜ್ಞರು ಸೋನಾರ್‌ನಿಂದ, ಅಂದರೆ ನೀರಿನೊಳಗೆ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಅಳೆಯುವ ಸಾಧನದಿಂದ, ಅದರ ಮೂರು ಆಯಾಮದ ನಕ್ಷೆ ಮಾಡಿಕೊಂಡರು. ಮರಳು ಮತ್ತೆ ಮುಚ್ಚುವುದರೊಳಗೆ ಮುಗಿಸಬೇಕೆಂಬ ಅವಸರ ಅವರದು.

ಪ್ರಶ್ನೆ: ಹಾಗಾದರೆ ಎಲ್ಲವನ್ನೂ ಮೇಲೆತ್ತಿ ಮ್ಯೂಸಿಯಂನಲ್ಲಿ ಇಡಬಾರದೇಕೆ?
– ವಿದ್ಯಾರ್ಥಿ, ಗದಗ

ಉತ್ತರ: ಎತ್ತುವುದು ಸುಲಭದ ಭಾಗ. ನೀರು ಕುಡಿದ ಹಳೆಯ ಮರ ಸುಮ್ನೆ ಒಣಗಲು ಬಿಟ್ಟರೆ ಮುರುಟಿ ಬಿರಿಯುತ್ತದೆ. ಮೇರಿ ರೋಸ್ ಮೇಲೆ ಮೊದಲು ನೀರು, ಆಮೇಲೆ ಮೇಣದಂಥ ದ್ರಾವಣ ಸಿಂಪಡಿಸುತ್ತಲೇ ಇದ್ದರು. ನಿಲ್ಲಿಸಿದ್ದು 2013ರಲ್ಲಿ. ಅಷ್ಟು ದುಡ್ಡು, ಅಷ್ಟು ವರ್ಷ ಎಷ್ಟು ಹಡಗಿಗೆ ಕೊಡಲಾದೀತು? ಅದಕ್ಕೇ ಹಲವು ಕಡೆ ಅಳತೆ, ಫೋಟೋ ಮುಗಿಸಿ, ಮರಳಿನ ಚೀಲ ಪೇರಿಸಿ ಹಡಗನ್ನು ಮತ್ತೆ ಹೂಳುತ್ತಾರೆ. ಹೊಲಕ್ಕೆ ಒಡ್ಡು ಹಾಕಿದವರಿಗೆ ಆ ಕೆಲಸ ಹೊಸದೆನಿಸದು. ದೊಡ್ಡ ಗಾಳಿ ಬಂದು ಹೋದ ಮೇಲೆ ಡೈವಿಂಗ್ ಮಾಡುವವರು ಮತ್ತೆ ಇಳಿದು ನೋಡಬೇಕು, ಚೀಲ ಸರಿದಿದ್ದರೆ ಮತ್ತೆ ಪೇರಿಸಬೇಕು.